ನಂಬಿಕೆಯ ಮಾತನ್ನು ಸತ್ಯವಾಗಿ ಬರೆಯುವ ವಿಷಯ

ಸಾಕ್ಷಿ ಎಂಬ ಶಬ್ದವು ನಮ್ಮ ಸೀಮೆಯಲ್ಲಿ ಎರಡು ಸ್ಥಳಗಳಲ್ಲಿ ಹೆಚ್ಚಾಗಿ ಕೇಳಬರುವದು. ಒಂದು ನ್ಯಾಯಾಲಯ, ಇನ್ನೊಂದು ಕ್ರೈಸ್ತ ಸಭೆ. ಮಾನವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಕಟಕಟೆಯಲ್ಲಿ ನಿಂತ ಒಬ್ಬ ಒಕ್ಕಲಿಗನು ತಾನು ಕಣ್ಣಾರೆ ಕಂಡದ್ದನ್ನು ಬಿಟ್ಟು, ಊರವರಿಂದ ಕೇಳಿದ್ದನ್ನೂ ತನ್ನ ಮನಸ್ಸಿಗೆ ತೋರಿದ್ದನ್ನೂ ಸೇರಿಸಿ ಹೇಳತೊಡಗಿದರೆ ಎದುರು ವಕೀಲರು ಕೂಡಲೆ ತಡೆಯುವರು. ಅದು ನ್ಯಾಯವೇ ಸರಿ, ಯಾಕಂದರೆ ಆ ಶಬ್ದದೊಳಗೆ ಕಣ್ಣೆಂಬ ಅರ್ಥವೇ ಅಡಗಿರುವದು. ಸಭೆಯಲ್ಲಿಯಾದರೋ ಸಾಕ್ಷಿ ಹೇಳುವವರನ್ನು ಯಾರೂ ತಡೆಯುವದಿಲ್ಲ. ಒಳ್ಳೆಯ ಮಾತುಗಳನ್ನೇ ಹೇಳುತ್ತಿರಲಾಗಿ ತಡೆಯುವದಾದರೂ ಹೇಗೆ? ಈ ಸಡಿಲಿಕೆಯಿಂದಲೇ ನಮ್ಮ ಬರವಣಿಗೆಯಲ್ಲಿ ಒಂದು ದೋಷವು ಬೇರೂರಿದೆ. ಅದನ್ನು ಕುರಿತು ವಿದ್ಯಾರ್ಥಿನಿಯರಿಗೆ ಕೆಲವು ಮಾತುಗಳನ್ನು ತಿಳಿಸುವದು ಈ ಲೇಖನದ ಉದ್ದೇಶ.

"ನನ್ನ ಜೀವಿತದಲ್ಲಿ ದೇವರು" ಎಂಬ ವಿಷಯದ ಮೇಲೆ ಇಪ್ಪತ್ತು ಮಂದಿ ಹುಡುಗಿಯರು ಪ್ರಬಂಧ ಬರೆದರೆಂದು ಇಟ್ಟುಕೊಳ್ಳಿರಿ. ಹೆಸರುಗಳನ್ನು ಅಳಿಸಿ ಓದಿದರೆ ಯಾವದು ಯಾರದೆಂದು ಹೆತ್ತ ತಾಯಿಯೂ ಗುರುತಿಸಲಾರಳು. ಎಲ್ಲರೂ ಬೆಳಗಿನಲ್ಲಿ ಪ್ರಾರ್ಥಿಸುವರು, ಎಲ್ಲರಿಗೂ ಕರ್ತನು ಉತ್ತರ ಕೊಡುವನು, ಎಲ್ಲರ ಮನಸ್ಸಿನಲ್ಲಿಯೂ ಹೇಳಲಸಾಧ್ಯವಾದ ಸಮಾಧಾನವು ನೆಲೆಸಿರುವದು. ಇದನ್ನು ಸುಳ್ಳೆನ್ನುವದು ಕಠಿಣವಾದೀತು. ನೆರೆಮನೆಯ ಸರವನ್ನು ಹಾಕಿಕೊಂಡು ಮದುವೆಗೆ ಹೋದವಳು ಕಳ್ಳಿಯಲ್ಲ. ಆದರೆ ಆ ಸರವು ಅವಳದಲ್ಲ. ಹಾಗೆಯೇ ಉಪದೇಶದಿಂದಲೂ ಸಂಗೀತ ಪುಸ್ತಕದಿಂದಲೂ ಎರವಾಗಿ ಬಂದ ಮಾತುಗಳು ಒಳ್ಳೆಯ ಬಂಗಾರವೇ ಆಗಿದ್ದರೂ ಬರೆದವಳ ಮನೆಯ ಗಳಿಕೆಯಲ್ಲ.

ಇದರಿಂದ ಹಾನಿಯೇನೆಂದು ಕೆಲವರು ಕೇಳಬಹುದು. ಹಾನಿಯು ಬರೆಯುವವಳಿಗಿಂತ ಓದುವವಳಿಗೆ ಹೆಚ್ಚು. ತಮ್ಮನ ಜ್ವರ ಇಳಿಯಲೆಂದು ಮೂರು ರಾತ್ರಿ ಬೇಡಿಕೊಂಡು, ನಾಲ್ಕನೆಯ ದಿನ ಅವನನ್ನು ಮಣ್ಣಿಗೆ ಒಪ್ಪಿಸಿ ಬಂದ ಹುಡುಗಿಯೊಬ್ಬಳು ಅದೇ ತರಗತಿಯಲ್ಲಿ ಕುಳಿತಿರಬಹುದು. ಉಳಿದ ಹತ್ತೊಂಬತ್ತು ಪ್ರಬಂಧಗಳನ್ನು ಕೇಳಿದಾಗ ಆಕೆಯು ಏನೆಂದುಕೊಳ್ಳುವಳು? ಎಲ್ಲರ ಪ್ರಾರ್ಥನೆಗೂ ಉತ್ತರ ಬಂದಿರಲಾಗಿ ತನ್ನದಕ್ಕೆ ಮಾತ್ರ ಬರಲಿಲ್ಲವೆಂದೂ, ದೋಷವು ತನ್ನಲ್ಲಿಯೇ ಇರಬೇಕೆಂದೂ ತಿಳಿದು ಬಾಯಿ ಮುಚ್ಚುವಳು. ಇಪ್ಪತ್ತನೆಯ ಪ್ರಬಂಧವನ್ನು ಆಕೆಯೂ ಉಳಿದವರಂತೆಯೇ ಬರೆದು ಕೊಡುವಳು. ಅಂದಿನಿಂದ ಆಕೆಯ ದುಃಖವು ಒಂದು ಕಡೆ, ಆಕೆಯ ನಂಬಿಕೆಯ ಮಾತು ಒಂದು ಕಡೆ. ಎರಡೂ ಮತ್ತೆ ಸಂಧಿಸುವದು ಬಹು ಕಷ್ಟ.

ಸತ್ಯವಾಗಿ ಬರೆಯುವದು ಹೇಗೆಂಬದಕ್ಕೆ ದೂರದ ದೇಶಗಳಲ್ಲಿ ಉದಾಹರಣೆ ಹುಡುಕುವ ಅಗತ್ಯವಿಲ್ಲ. ನಮ್ಮ ರಾಯಚೂರಿನ ಮಣ್ಣಿಗೆ ಸಂಬಂಧಪಟ್ಟ ಒಂದು ಬರಹವುಂಟು. ಅದನ್ನು ಬರೆದವರು ಪಂಡಿತಾ ರಮಾಬಾಯಿಯವರು.

ರಮಾಬಾಯಿಯವರು ೧೮೫೮ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಗಸರಿಗೆ ವಿದ್ಯೆ ಕಲಿಸಬಾರದೆಂಬ ಕಾಲದಲ್ಲಿ ಹೆಂಡತಿಗೆ ಸಂಸ್ಕೃತ ಕಲಿಸಿದವರು. ಆ ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಗುರುವಾದಳು. ಕುಟುಂಬವು ಪುರಾಣ ಓದುತ್ತ ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ ಜೀವಿಸಿತು. ಹಾಗೆ ಅಲೆಯುವಾಗಲೇ ರಮಾಬಾಯಿಯವರು ಕನ್ನಡ, ಹಿಂದುಸ್ತಾನಿ, ಬಂಗಾಲಿ ಮಾತುಗಳನ್ನೂ ಕಲಿತರು. ೧೮೭೪ರ ಸುಮಾರಿಗೆ ದಕ್ಷಿಣದಲ್ಲಿ ಬರ ಬಿದ್ದಾಗ ಕೈಯಲ್ಲಿದ್ದದ್ದೆಲ್ಲ ತೀರಿಹೋಯಿತು. ದುಡಿಯಲು ಅವರು ಕಲಿತಿರಲಿಲ್ಲ, ಬೇಡಲು ನಾಚಿಕೆ. ತಿರುಪತಿಯ ಕಡೆಯ ಅಡವಿಯಲ್ಲಿ ಹನ್ನೊಂದು ದಿನ ನೀರು, ಎಲೆ, ಕಾಡುಹಣ್ಣುಗಳಿಂದ ಜೀವ ಹಿಡಿದರು. ಕಣ್ಣು ಕಾಣದ ಮುದಿ ತಂದೆ ಅಲ್ಲಿಯೇ ತೀರಿಕೊಂಡರು. ಉಳಿದವರು ರಾಯಚೂರಿಗೆ ಬಂದರು. ಮುಂಬಯಿಯ ಕಡೆಯ ರೈಲುಮಾರ್ಗವೂ ಮದರಾಸಿನ ಕಡೆಯ ರೈಲುಮಾರ್ಗವೂ ರಾಯಚೂರಿನಲ್ಲಿ ಕೂಡಿದ್ದು ೧೮೭೧ರಲ್ಲಿ. ಊರು ಆಗತಾನೆ ದಿಕ್ಕುದಿಕ್ಕಿನ ಜನ ಬಂದಿಳಿಯುವ ಸ್ಥಳವಾಗುತ್ತಿತ್ತು.

ಇಲ್ಲಿ ತಾಯಿ ಹಾಸಿಗೆ ಹಿಡಿದಳು. ಉಪವಾಸದಿಂದ ಬಂದ ಜ್ವರದ ಬಾಧೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ತಿಂಡಿತಿನಿಸುಗಳ ಹೆಸರು ಹೇಳುತ್ತ ಮಲಗಿದ್ದಳು. ನಡುವೆ ಎಚ್ಚರವಾದಾಗ ಒಂದಿಷ್ಟು ಸಜ್ಜೆಯ ರೊಟ್ಟಿ ಬೇಕೆಂದಳು. ಮಗಳು ಒಬ್ಬ ಬ್ರಾಹ್ಮಣ ಗೃಹಿಣಿಯ ಮನೆಗೆ ಹೋದಳು. ಆ ಗೃಹಿಣಿ ದಯೆಯಿಂದಲೇ ಮಾತನಾಡಿಸಿದಳು. ಆದರೆ ಒಂದು ತುಂಡು ರೊಟ್ಟಿ ಕೊಡಿರೆಂಬ ಮಾತು ಹುಡುಗಿಯ ಬಾಯಿಂದ ಹೊರಡಲಿಲ್ಲ. ಅಳುವನ್ನು ತಡೆಯಲು ಕೈವಸ್ತ್ರವನ್ನು ಬಾಯಿಗೆ ಒತ್ತಿಕೊಂಡರೂ ಅದು ಕಣ್ಣು ಮೂಗುಗಳಿಂದ ಹೊರಬಂದಿತು. ಕಂಡವಳು ತಾನಾಗಿ ತಿಳಿದುಕೊಂಡು ರೊಟ್ಟಿ ಕೊಟ್ಟಳು. ಮಗಳು ಅದನ್ನು ತಂದಳು, ತಾಯಿಗೆ ತಿನ್ನಲಾಗಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಪ್ರಾಣ ಹೋಯಿತು. ಹೆಣ ಹೊರಲು ಸಾಕಷ್ಟು ಜನ ಬಾರದೆ ಇದ್ದುದರಿಂದ ಮಗಳೂ ಹೆಗಲು ಕೊಡಬೇಕಾಯಿತು. ಆಕೆ ಗಿಡ್ಡಳಾದ್ದರಿಂದ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತಳು. ಆಗ ಆಕೆಗೆ ಹದಿನಾರರ ಆಸುಪಾಸು. ಎಂದರೆ ಈ ಪುಟಗಳನ್ನು ಓದುವ ಹುಡುಗಿಯರ ವಯಸ್ಸೇ.

ರಮಾಬಾಯಿಯವರು ಈ ಬರದ ಅನುಭವಗಳನ್ನು ೧೮೯೭ರಲ್ಲಿ ಇಂಗ್ಲಿಷಿನಲ್ಲಿ ಬರೆದರು. ಆಗ ಮಧ್ಯಪ್ರಾಂತಗಳಲ್ಲಿ ಮತ್ತೊಂದು ಬರ ಬಿದ್ದು, ಅನಾಥ ಹುಡುಗಿಯರನ್ನು ಕರೆತಂದು ಸಾಕಲು ಅವರು ಹೊರಟಿದ್ದರು. ತಮಗೆ ಹಸಿವೆಯೆಂದರೇನೆಂದು ತಿಳಿದಿತ್ತೆಂಬದನ್ನು ಹೇಳಲೆಂದೇ ಬರೆದರು. ಮುಂದೆ ೧೯೦೭ರಲ್ಲಿ ತಮ್ಮ ನಂಬಿಕೆಯ ಸಂಪೂರ್ಣ ಸಾಕ್ಷಿಯನ್ನು ಪ್ರಕಟಿಸಿದರು. ಈ ಬರಹಗಳನ್ನು ಇಂದಿಗೂ ಓದಬೇಕೆನಿಸುವದು ಯಾತಕ್ಕಾಗಿ?

ಮೊದಲು, ರೊಟ್ಟಿಯು ಸಜ್ಜೆಯದು. ಆಹಾರವೆಂದಾಗಲಿ ಅನ್ನವೆಂದಾಗಲಿ ಬರೆದು ಮುಗಿಸಿದ್ದರೂ ಆಗುತ್ತಿತ್ತು. ಆದರೆ ಪಕ್ವಾನ್ನಗಳ ಹೆಸರು ಕನವರಿಸುತ್ತಿದ್ದ ತಾಯಿಯು ಎಚ್ಚರಾದಾಗ ಕೇಳಿದ್ದು ಬಡವರ ರೊಟ್ಟಿ ಎಂಬಲ್ಲಿಯೇ ಆ ಸಂಗತಿಯ ಭಾರವೆಲ್ಲ ಇದೆ. ಎರಡನೆಯದಾಗಿ, ಬರೆದವರು ತಮ್ಮ ನಾಚಿಕೆಯನ್ನು ಮುಚ್ಚಲಿಲ್ಲ. ತಾಯಿ ಸಾಯುತ್ತಿರುವಾಗಲೂ ಬೇಡಲು ಬಾಯಿ ಬಾರದ ಜಾತಿಯ ಬಿಂಕವು ತಮ್ಮಲ್ಲಿತ್ತೆಂದು ಓದುವವರಿಗೆ ಗೊತ್ತಾಗುವಂತೆ ಬಿಟ್ಟಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ರೊಟ್ಟಿ ಬಂದರೂ ತಾಯಿ ಉಳಿಯಲಿಲ್ಲ. ಬೇರೆ ಯಾರಾದರೂ ಬರೆದಿದ್ದರೆ ಆ ತುಂಡು ರೊಟ್ಟಿಯಿಂದ ತಾಯಿಗೆ ಚೇತನ ಬಂತೆಂದು ಹೇಳುವ ಮೋಹಕ್ಕೆ ಬಿದ್ದಾರು. ಇಲ್ಲಿ ರೊಟ್ಟಿ ಹಾಗೆಯೇ ಉಳಿಯಿತು. ಆ ತರುವಾಯ ಅಕ್ಕನೂ, ೧೮೮೦ರಲ್ಲಿ ಅಣ್ಣ ಶ್ರೀನಿವಾಸನೂ, ೧೮೮೨ರಲ್ಲಿ ಗಂಡನೂ ಹೋದರು. ಒಂದೊಂದನ್ನೂ ಆಯಾ ಸ್ಥಳದಲ್ಲಿಯೇ ಹೇಳಿದ್ದಾರೆ.

ಇನ್ನು ನಂಬಿಕೆಯ ವಿಷಯ. ೧೮೮೩ರಲ್ಲಿ ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ರಮಾಬಾಯಿಯವರು ಚಿಕ್ಕ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಹೊಂದಿದರು. ಇದೇ ಕಥೆಯ ಶಿಖರವೆಂದು ನಾವು ತಿಳಿಯುವೆವು. ಸಾಕ್ಷಿಯ ಪ್ರಬಂಧಗಳೆಲ್ಲ ಇಲ್ಲಿಗೇ ಮುಗಿಯುವವು. ಆದರೆ ೧೯೦೭ರ ಬರಹದಲ್ಲಿ ಅವರು ಹೇಳುವದೇನಂದರೆ, ದೀಕ್ಷಾಸ್ನಾನವಾದ ಮೇಲೆಯೂ ಸುಮಾರು ಎಂಟು ವರುಷ ತಮಗೆ ಕ್ರೈಸ್ತ ಮತವು ದೊರಕಿತ್ತೇ ಹೊರತು ಕ್ರಿಸ್ತನು ದೊರಕಿರಲಿಲ್ಲ. ಆ ಎಂಟು ವರುಷಗಳಲ್ಲಿ ಅವರೇನು ಸುಮ್ಮನಿದ್ದರೇ? ಪುಸ್ತಕ ಬರೆದರು, ಅಮೇರಿಕೆಯಲ್ಲೆಲ್ಲ ಉಪನ್ಯಾಸ ಕೊಟ್ಟರು, ೧೮೮೯ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಲೋಕವೆಲ್ಲ ಅವರನ್ನು ಮಹಾ ಕ್ರೈಸ್ತಳೆಂದು ಕೊಂಡಾಡುತ್ತಿದ್ದ ಕಾಲವನ್ನೇ ತಮ್ಮ ಒಣಗಿದ ಕಾಲವೆಂದು ಬರೆಯುವದಕ್ಕೆ ಎಷ್ಟು ಧೈರ್ಯ ಬೇಕು! ಅವರ ಸಂಸ್ಥೆಗೆ ಹಣ ಕೊಡುವವರೂ ಆ ಪುಸ್ತಕವನ್ನು ಓದುವವರಲ್ಲಿದ್ದರೆಂಬದನ್ನು ಮರೆಯಬಾರದು.

ಅವರ ಪತ್ರಗಳು ಇನ್ನೂ ನಿಷ್ಠುರ. ವಾಂಟೇಜಿನ ಸಿಸ್ಟರ್ ಜೆರಾಲ್ಡೀನರಿಗೆ ಅವರು ಬರೆದವುಗಳನ್ನು ೧೯೭೭ರಲ್ಲಿ ಮುಂಬಯಿಯಲ್ಲಿ ಪುಸ್ತಕವಾಗಿ ಅಚ್ಚು ಮಾಡಿದರು. ತ್ರಯೈಕತ್ವದ ವಿಷಯದಲ್ಲಿ ತಮಗಿದ್ದ ಸಂಶಯಗಳನ್ನು ಬಚ್ಚಿಡದೆ, ಒಂದು ಪುರೋಹಿತವರ್ಗದ ನೊಗವನ್ನು ಈಗತಾನೆ ಕಳಚಿ ಬಂದವಳು ಇನ್ನೊಂದಕ್ಕೆ ಕೊರಳು ಕೊಡಲಾರೆನೆಂದು ಗುರುಸಮಾನಳಾದ ಆ ಸನ್ಯಾಸಿನಿಗೇ ತಿಳಿಸಿದ್ದಾರೆ. ಹಿಂದುಸ್ತಾನದ ಸಹೋದರಿಯರು ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿರಬಾರದೇ, ಎಂದೂ ಕೇಳಿದ್ದಾರೆ. ಉಪಕಾರ ಮಾಡಿದವರೊಡನೆ ಹೀಗೆ ವಾದಿಸುವದು ಕೃತಘ್ನತೆಯೆಂದು ಅಂದಿನ ಕೆಲವರಿಗೆ ತೋರಿತು. ನನಗಾದರೋ ಈ ಪತ್ರಗಳಿಲ್ಲದಿದ್ದರೆ ೧೯೦೭ರ ಸಾಕ್ಷಿಯ ಮೇಲೆ ಅರ್ಧದಷ್ಟು ಭರವಸವೂ ಹುಟ್ಟುತ್ತಿರಲಿಲ್ಲವೆನಿಸುವದು. ಇಲ್ಲವೆನ್ನಬಲ್ಲ ಬಾಯಿಂದ ಬಂದ ಹೌದು ಎಂಬ ಮಾತಿಗೇ ಬೆಲೆ.

ಹೀಗೆ ಬರೆಯುವದು ಹೊಸ ರೂಢಿಯೂ ಅಲ್ಲ. ಸುವಾರ್ತೆಗಳನ್ನು ಬರೆದವರು ಪೇತ್ರನ ಸಭೆಯೊಳಗೇ ಇದ್ದು, ಅವನು ಕೋಳಿ ಕೂಗುವದರೊಳಗೆ ತನ್ನ ಕರ್ತನನ್ನು ಮೂರು ಸಾರಿ ಅರಿಯೆನೆಂದದ್ದನ್ನು ಬರೆದಿಟ್ಟರು; ನಾಲ್ಕು ಸುವಾರ್ತೆಗಳಲ್ಲಿಯೂ ಅದುಂಟು. ಮೊದಲನೆಯ ಹಿರಿಯನ ಅಪಮಾನವನ್ನು ಒಂದರಲ್ಲಾದರೂ ಬಿಡಬಹುದಾಗಿತ್ತಲ್ಲವೇ? ಯೋಬನ ಗ್ರಂಥದಲ್ಲಿ ದೇವರು ಕಡೆಗೆ ಕೋಪಿಸಿಕೊಳ್ಳುವದು ಗೋಳಾಡಿದ ಯೋಬನ ಮೇಲಲ್ಲ, ಸಿದ್ಧವಾದ ಮಾತುಗಳಿಂದ ಅವನನ್ನು ಸಂತೈಸಬಂದ ಸ್ನೇಹಿತರ ಮೇಲೆ. ಕೀರ್ತನೆಗಳ ಪುಸ್ತಕದ ಎಂಭತ್ತೆಂಟನೆಯದು ಕತ್ತಲೆಯಲ್ಲಿ ಆರಂಭವಾಗಿ ಕತ್ತಲೆಯೆಂಬ ಮಾತಿನಲ್ಲಿಯೇ ಮುಗಿಯುವದು. ಅದನ್ನು ಸಂಗ್ರಹಿಸಿದವರು ಕೊನೆಗೆ ಒಂದು ಸ್ತೋತ್ರದ ಸಾಲನ್ನು ಹಚ್ಚಲಿಲ್ಲ. ಪ್ರಬಂಧಗಳನ್ನು ತಿದ್ದುವ ಉಪಾಧ್ಯಾಯಿನಿಯರು ಈ ಕೀರ್ತನೆಯನ್ನು ವರುಷಕ್ಕೊಮ್ಮೆ ಓದಿಕೊಂಡರೆ ಒಳ್ಳೆಯದು, ಯಾಕಂದರೆ "ಆದರೂ ಎಲ್ಲವೂ ಒಳ್ಳೆಯದಕ್ಕೇ ಆಯಿತು" ಎಂಬ ಕಡೆಯ ವಾಕ್ಯವು ಹುಡುಗಿಯ ಕೈಯದಾಗಿರುವದಕ್ಕಿಂತ ಕೆಂಪು ಮಸಿಯದಾಗಿರುವದೇ ಹೆಚ್ಚು.

ಇಷ್ಟು ಹೇಳಿದ ಮೇಲೆ ಭಾಷೆಯ ಪ್ರಶ್ನೆ ಬರುವದು. ಕನ್ನಡ ಕ್ರೈಸ್ತರ ಬರಹದ ಭಾಷೆಗೆ ಎರಡು ನೂರು ವರುಷಗಳ ಇತಿಹಾಸವುಂಟು. ಲಂಡನ್ ಮಿಶನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ನಮ್ಮ ನೆರೆಯ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಿಸುವ ಕೆಲಸ ಹಿಡಿದರು. ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಕಿಟ್ಟೆಲರು ೧೮೬೨ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿಯೇ ಕಥಾಮಾಲೆಯೆಂದು ರಚಿಸಿ, ೧೮೯೪ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಮುಗಿಸಿದರು. ಈ ಉಪಕಾರಗಳನ್ನು ಯಾರೂ ಮರೆಯಲಾರರು. ಆದರೆ ಅನುವಾದದಲ್ಲಿ ಬೆಳೆದ ಭಾಷೆಗೆ ಅನುವಾದದ ನಡಿಗೆಯೇ ಒಗ್ಗಿಹೋಗುವ ಅಪಾಯವುಂಟು. ಮನೆಯಲ್ಲಿ ಅವ್ವನ ಸಂಗಡ ಒಂದು ಮಾತು, ದೇವಾಲಯದಲ್ಲಿ ಇನ್ನೊಂದು ಮಾತು. ಒಲೆಯ ಮುಂದೆ ಹೊಗೆ ಊದುತ್ತ "ಎಪ್ಪಾ, ಇವತ್ತೊಂದಿನ ಪಾರು ಮಾಡು" ಎಂದು ಬೇಡುವವಳೇ ವಾಚನಪೀಠದ ಹತ್ತಿರ ಬಂದಾಗ "ಪರಾತ್ಪರನಾದ ಕೃಪಾಸಮುದ್ರನೇ" ಎನ್ನುವಳು. ಎರಡನೆಯದು ತಪ್ಪಲ್ಲ, ಸಭೆಗೆ ಸಭೆಯ ಮರ್ಯಾದೆ ಬೇಕು. ಆದರೆ ತನ್ನ ಪ್ರಾರ್ಥನೆಯ ವಿಷಯವಾಗಿ ಬರೆಯುವಾಗ ಆಕೆಯು ಮೊದಲನೆಯದನ್ನು ಬರೆಯಬೇಕು. ಆ ದಿನ ಬೇಡಿಕೊಂಡದ್ದು ಆ ಮಾತಿನಿಂದಲೇ ಅಲ್ಲವೇ?

ರಮಾಬಾಯಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮರಾಠಿಯಲ್ಲಿ ಆಗಲೇ ಬೈಬಲ್ ಇದ್ದರೂ ಅದರ ಸಂಸ್ಕೃತಭರಿತ ಮಾತು ಹಳ್ಳಿಯ ಹೆಂಗಸರಿಗೆ ತಿಳಿಯದೆಂದು, ಹಿಬ್ರೂ ಗ್ರೀಕ್ ಭಾಷೆಗಳನ್ನು ಕಲಿತು ಸ್ವತಃ ಭಾಷಾಂತರಕ್ಕೆ ಕುಳಿತರು. ಸಂಸ್ಕೃತದಲ್ಲಿ ಪಂಡಿತಾ, ಸರಸ್ವತಿ ಎಂಬ ಬಿರುದು ಪಡೆದವರೇ ಸಂಸ್ಕೃತ ಶಬ್ದಗಳನ್ನು ಹುಡುಕಿ ಹುಡುಕಿ ದೂರವಿಟ್ಟರು. ಕೇಡಗಾಂವದ ಮುಕ್ತಿ ಸದನದ ಹೆಣ್ಣುಮಕ್ಕಳೇ ಮೊಳೆ ಜೋಡಿಸಿ ಅಚ್ಚು ಮಾಡಿದರು. ೧೯೨೨ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಭಾಷಾಂತರವು ಮುಗಿದಿತ್ತು. ಸಂಪೂರ್ಣ ಗ್ರಂಥವು ೧೯೨೪ರಲ್ಲಿ ಹೊರಬಂದಿತು. ನಮ್ಮ ಕಡೆಗೂ ಅವರ ದೃಷ್ಟಿಯಿತ್ತೆಂಬದನ್ನು ಇಲ್ಲಿ ನೆನೆಯಬಹುದು: ೧೯೧೨ರಲ್ಲಿ ಆಗಿನ ನಿಜಾಮ ರಾಜ್ಯದ ಗುಲಬರ್ಗೆಯಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ಅವರು ಒಂದು ಕ್ರೈಸ್ತ ಹೈಸ್ಕೂಲನ್ನು ಸ್ಥಾಪಿಸಿದರು, ಮಗಳು ಮನೋರಮೆಯು ಅದರ ಮುಖ್ಯಾಧ್ಯಾಪಿನಿಯಾದಳು.

ಕನ್ನಡದಲ್ಲಿ ನಿತ್ಯದ ಭಕ್ತಿಯನ್ನು ಬರೆಯುವ ಬಗೆ ತಿಳಿಯಬೇಕಾದರೆ ಮಾನವಿ ದೇವದುರ್ಗಗಳವರು ತಮ್ಮ ನೆಲವನ್ನೇ ನೋಡಿಕೊಳ್ಳಲಿ. ಈ ಎರಡು ತಾಲೂಕುಗಳಲ್ಲಿ ಹುಟ್ಟಿದಷ್ಟು ಹರಿದಾಸರು ಬೇರೆಲ್ಲಿ ಹುಟ್ಟಿದರು? ವಿಜಯದಾಸರು ಮಾನವಿಯ ಹತ್ತಿರದ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನವಿಯಲ್ಲಿ ನೆಲೆಸಿದವರು. ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರಾಗಿದ್ದು, ಕನ್ನಡದಲ್ಲಿ ಹಾಡುವ ದಾಸರನ್ನು ಹಗುರಾಗಿ ಕಂಡರೆಂದೂ, ಹೊಟ್ಟೆಬೇನೆಯಿಂದ ಬಹಳ ನೊಂದ ಮೇಲೆ ತಾವೇ ದಾಸರಾದರೆಂದೂ ಆ ಸಂಪ್ರದಾಯದವರು ಹೇಳುವರು. ಅವರ ಆರಾಧನೆ ಬೇರೆ, ನಮ್ಮದು ಬೇರೆ. ಅದನ್ನು ಕಲಸಬೇಕೆಂದು ನಾನು ಹೇಳುವದಿಲ್ಲ. ಆದರೆ ದೇವರೊಡನೆ ಏಕವಚನದಲ್ಲಿ ಮಾತನಾಡುವ, ಕೋಪ ಬಂದರೆ ಬಯ್ಯುವ, ಹೊಟ್ಟೆಬಟ್ಟೆಗಳ ಪೇಚಾಟವನ್ನು ಭಕ್ತಿಯ ಮಾತಿನಿಂದ ಹೊರಗಿಡದ ಒಂದು ಕನ್ನಡವು ಈ ಊರುಗಳ ಬಾಯಲ್ಲಿ ಎರಡೂವರೆ ಶತಮಾನಗಳಿಂದ ಹದವಾಗಿ ನಿಂತಿದೆ. ಅದು ಎಲ್ಲರ ಸೊತ್ತು. ಬಾಸೆಲ್ ಮಿಶನ್ ಸಭೆಯ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಇದನ್ನರಿತೇ ಹಳ್ಳಿ ಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ ೧೯೨೪ರಲ್ಲಿ ಪ್ರಕಟಿಸಿದರು. ೧೯೪೯ರಲ್ಲಿ ಗುಲಬರ್ಗೆಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಆ ಕ್ರೈಸ್ತ ಪಾದ್ರಿಗಳನ್ನೇ ಅಧ್ಯಕ್ಷರನ್ನಾಗಿ ಕೂಡ್ರಿಸಿದರು.

ಇನ್ನು ಏನನ್ನು ಬರೆಯಬೇಕೆಂಬದು. ದರ್ಶನಗಳಾಗಲಿ ಅದ್ಭುತಗಳಾಗಲಿ ಇಲ್ಲದ ಬಾಳಿನಲ್ಲಿ ಬರೆಯುವದಕ್ಕೇನುಂಟೆಂದು ಹುಡುಗಿಯರು ಕೇಳುವರು. ನಮ್ಮ ಊರುಗಳ ಕ್ರೈಸ್ತ ಮನೆಗಳನ್ನು ಕಣ್ಣಿಟ್ಟು ನೋಡಿದರೆ ಸಾಕು. ಮಳೆಗಾಗಿ ಸಭೆಯಲ್ಲಿ ಪ್ರಾರ್ಥನೆ ನಡೆಯುವದು. ಅದೇ ವಾರ ಹತ್ತಿ ಬಿಡಿಸುವವರ ಮನೆಯಲ್ಲಿ ಮಳೆ ಬಾರದಿರಲೆಂದು ಪ್ರಾರ್ಥನೆ ನಡೆಯುವದು. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಮೇಲಿನವರಿಗೆ ಬಂದು ಕೆಳಗಿನ ಹೊಲಗಳಿಗೆ ಮುಟ್ಟದಿದ್ದಾಗ, ಮೇಲಿನ ಹೊಲದವನೂ ಕೆಳಗಿನ ಹೊಲದವನೂ ಒಂದೇ ಬೆಂಚಿನಲ್ಲಿ ಕುಳಿತು ನೆರೆಯವನ ಪ್ರೀತಿಯ ಪಾಠ ಕೇಳುವರು. ಸುಗ್ಗಿಯ ಕಾಣಿಕೆಯ ದಿನ ತಂದ ಜೋಳ, ಕುಂಬಳಕಾಯಿ, ಕೋಳಿಗಳನ್ನು ಹರಾಜು ಹಾಕುವಾಗ ತಾನೇ ಸಾಕಿ ತಂದ ಕೋಳಿಯನ್ನು ಬಿಡಲಾರದೆ ಮತ್ತೆ ತಾನೇ ಹಣ ಕೊಟ್ಟು ಕೊಳ್ಳುವ ಮುದುಕಿ ಯಾವ ಊರಲ್ಲಿಲ್ಲ? ತಂದೆತಾಯಿಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋದಾಗ, ಅಜ್ಜಿಯ ಹತ್ತಿರ ಉಳಿದ ಮಕ್ಕಳು ರಾತ್ರಿ ಅವರ ಹೆಸರು ಹಿಡಿದು ಪ್ರಾರ್ಥಿಸುವರು. ಒಂದು ರಾತ್ರಿ ಮರೆತು ಮಲಗಿದರೆ ನಡುರಾತ್ರಿ ಎದ್ದು ಹೆದರಿಕೊಂಡು ಹೇಳುವರು. ಇವೆಲ್ಲ ನಂಬಿಕೆಯ ಸಂಗತಿಗಳೇ.

ಒಂದು ಮಾದರಿಯನ್ನು ನಾನೇ ಕಟ್ಟಿ ತೋರಿಸುವೆನು. "ನಮ್ಮ ಮನೆಯಲ್ಲಿ ಪ್ರತಿದಿನವೂ ಕುಟುಂಬ ಪ್ರಾರ್ಥನೆ ನಡೆಯುತ್ತದೆ. ಇದರಿಂದ ನಮ್ಮ ಕುಟುಂಬದಲ್ಲಿ ಪ್ರೀತಿ ಶಾಂತಿಗಳು ನೆಲೆಸಿವೆ" ಎಂಬದು ರೂಢಿಯ ವಾಕ್ಯ. ಇದನ್ನೇ ಹೀಗೆ ಬರೆಯಬಹುದು: "ಅವ್ವ ಮೆಣಸಿನಕಾಯಿ ಹರಿಯಲು ಹೋಗಿ ಸಂಜೆ ತಡವಾಗಿ ಬರುವಳು. ಕೈ ಉರಿಯುವದರಿಂದ ಪ್ರಾರ್ಥನೆಯಲ್ಲಿ ಕೈಮುಗಿಯುವದಿಲ್ಲ, ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಳ್ಳುವಳು. ನಡುವೆ ತೂಕಡಿಸುವಳು. ಆಮೆನ್ ಎಂಬದನ್ನು ಮಾತ್ರ ಎಂದೂ ತಪ್ಪಿಸಳು." ಮೊದಲನೆಯದನ್ನು ಯಾವ ಮನೆಯವರೂ ಬರೆಯಬಹುದು. ಎರಡನೆಯದನ್ನು ಬರೆದವಳ ಮನೆಯಲ್ಲಿ ಪ್ರೀತಿಯಿದೆಯೋ ಇಲ್ಲವೋ ಎಂದು ಓದುವವರು ತಾವೇ ತಿಳಿಯುವರು.

ಸತ್ಯಕ್ಕೂ ಒಂದು ಎಲ್ಲೆಯುಂಟೆಂಬದನ್ನು ಹೇಳದೆ ಬಿಡಬಾರದು. ಇದು ನಮ್ಮ ಜಿಲ್ಲೆಯಲ್ಲಿ ಸೂಕ್ಷ್ಮವಾದ ಮಾತು. ಇಲ್ಲಿಯ ಕ್ರೈಸ್ತ ಕುಟುಂಬಗಳಲ್ಲಿ ಬಹಳ ಮಂದಿ ದಲಿತ ಕೇರಿಗಳಿಂದ ಬಂದವರು. ೧೯೫೦ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಆ ಸೌಲಭ್ಯಗಳು ಮೊದಲು ಹಿಂದೂಗಳಿಗೆ ಮಾತ್ರ ಇದ್ದವು. ೧೯೫೬ರಲ್ಲಿ ಸಿಖ್ಖರಿಗೂ ೧೯೯೦ರಲ್ಲಿ ಬೌದ್ಧರಿಗೂ ದೊರೆತವು, ಕ್ರೈಸ್ತರಿಗೆ ದೊರೆಯಲಿಲ್ಲ. ಆದುದರಿಂದ ಸಭೆಯಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡವರುಂಟು. ಕೇರಿ ಬದಲಾಗಲಿಲ್ಲ, ಊರವರ ನೋಟ ಬದಲಾಗಲಿಲ್ಲ, ಕಾಗದದಲ್ಲಿ ಮಾತ್ರ ಬದಲಾಗಬೇಕೆಂದರೆ ತಂದೆಯು ಮಗಳ ಓದಿನ ಬಾಗಿಲನ್ನು ಮುಚ್ಚಲು ಹಿಂಜರಿಯುವನು. ಇದನ್ನು ಕಪಟವೆಂದು ಕರೆಯುವದು ಹೊಟ್ಟೆ ತುಂಬಿದವರಿಗೆ ಸುಲಭ. ಎರಡು ಹೆಸರುಗಳ ನಡುವೆ ಬೆಳೆದ ಹುಡುಗಿಗೆ ಇದಕ್ಕಿಂತ ದೊಡ್ಡ ವಿಷಯ ಬರೆಯಲು ಇರಲಾರದು; ಆದರೂ ಬರೆಯಲೇಬೇಕೆಂದು ಆಕೆಯನ್ನು ಒತ್ತಾಯಿಸಲು ಯಾರಿಗೂ ಅಧಿಕಾರವಿಲ್ಲ. ತನ್ನ ನಂಬಿಕೆಯ ಸಂಗತಿಗಳು ಆಕೆಯವು. ತಂದೆತಾಯಿಗಳ ಗುಟ್ಟು, ನೆರೆಮನೆಯವರ ಜಗಳ, ಗೆಳತಿಯು ಕಣ್ಣೀರಿಟ್ಟು ಹೇಳಿದ ಮಾತು ಆಕೆಯವಲ್ಲ. ಅಚ್ಚಿಗೆ ಕೊಡದಿದ್ದರೂ ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವದಕ್ಕೆ ಅಡ್ಡಿಯಿಲ್ಲ. ರಮಾಬಾಯಿಯವರೂ ರೊಟ್ಟಿಯ ಸಂಗತಿಯನ್ನು ಮರುದಿನವೇ ಅಚ್ಚು ಹಾಕಿಸಲಿಲ್ಲ. ನಡುವೆ ಇಪ್ಪತ್ತು ವರುಷಗಳಿಗಿಂತ ಹೆಚ್ಚು ಕಾಲ ಕಳೆದಿತ್ತು.

ಎಲ್ಲೆಯನ್ನು ಮೀರಿದೆವೋ ಇಲ್ಲವೋ, ಬರೆದದ್ದು ನಿಜವೋ ಅಲ್ಲವೋ ಎಂದು ನೋಡಿಕೊಳ್ಳಲು ಒಂದು ಸುಲಭವಾದ ಉಪಾಯವುಂಟು. ಮನೆಯವರ ವಿಷಯವಾಗಿ ಬರೆದದ್ದನ್ನು ಶಾಲೆಗೆ ಕೊಡುವ ಮುಂಚೆ ಅವರಿಗೇ ಓದಿ ಹೇಳಬೇಕು. ಓದುಬರಹ ಬಾರದ ಅವ್ವನಾದರೆ ಇನ್ನೂ ಒಳ್ಳೆಯದು. ಪರೀಕ್ಷೆಗೆ ಬರೆದ ಭಾಷೆಯನ್ನು ಕೇಳಿ ಅವಳು ಸುಮ್ಮನೆ ತಲೆದೂಗಿದರೆ ಆ ವಾಕ್ಯವನ್ನು ಇನ್ನೊಮ್ಮೆ ನೋಡತಕ್ಕದ್ದು. "ಇದು ಬ್ಯಾಡವ್ವಾ" ಎಂದರೆ ಅದನ್ನು ಹೊಡೆದುಹಾಕತಕ್ಕದ್ದು. ನಡುವೆ ಎಲ್ಲಿಯಾದರೂ ರೊಟ್ಟಿ ಬಡಿಯುವ ಕೈಯನ್ನು ನಿಲ್ಲಿಸಿ, "ಅವತ್ತು ಸಜ್ಜಿ ಅಲ್ಲವ್ವಾ, ಬಿಳಿ ಜೋಳ, ನಿಮ್ಮಪ್ಪ ಆಗಿನ್ನೂ ಬಂದಿದ್ದಿಲ್ಲ" ಎಂದು ತಿದ್ದಿದಳೋ, ಅವಳು ಹೇಳಿದಂತೆಯೇ ತಿದ್ದಿಕೊಂಡು ಮುಂದಕ್ಕೆ ಓದತಕ್ಕದ್ದು.